ಅಪೆಂಡಿಕ್ಸ್ ಇರುವುದು ಬಲಗಡೆ, ನೋವು ಶುರುವಾಗುವುದು ಹೊಕ್ಕುಳ ಸುತ್ತ. ಯಾಕೆ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಅಪೆಂಡಿಕ್ಸ್ ಹೊಟ್ಟೆಯ ಬಲಗಡೆ ಕೆಳಗಿದೆ, ಹಾಗಿದ್ದರೂ ನೋವು ಮೊದಲು ಹೊಕ್ಕುಳ ಸುತ್ತ ಬರುವುದು ಯಾಕೆ?

ಮೂಲ ವಿಷಯ ಬೇಗ ಮುಗಿಸೋಣ. ದೊಡ್ಡ ಕರುಳು ಶುರುವಾಗುವ ಕಡೆ ಬೆರಳಿನಷ್ಟು ಉದ್ದದ ಒಂದು ನಾಳ ನೇತಾಡುತ್ತಿರುತ್ತದೆ, ಅದೇ ಅಪೆಂಡಿಕ್ಸ್. ಗಟ್ಟಿಯಾದ ಮಲದ ಚೂರೋ ಇನ್ನೇನೋ ಅದರ ಬಾಯಿಗೆ ಅಡ್ಡವಾದರೆ ಒಳಗೆ ಒತ್ತಡ ಏರಿ, ಬ್ಯಾಕ್ಟೀರಿಯಾ ಬೆಳೆದು, ಊದಿಕೊಳ್ಳುತ್ತದೆ. ಇದೇ ಅಪೆಂಡಿಸೈಟಿಸ್. ರಕ್ತ ಓಡಾಟ ನಿಂತರೆ ಒಡೆದೂ ಹೋಗಬಹುದು.

ಈಗ ನೋವಿಗೆ ಬರೋಣ. ಹಿಂದೆ ಊರಿಗೆಲ್ಲ ಒಂದೇ ಫೋನ್ ಇರುತ್ತಿತ್ತು ಅಲ್ವಾ? ಯಾವ ಊರಿನ ಕರೆ ಅಂತ ಗೊತ್ತಾಗುತ್ತಿತ್ತು, ಯಾವ ಮನೆಯವರದ್ದು ಅಂತ ಗೊತ್ತಾಗುತ್ತಿರಲಿಲ್ಲ. ಕರುಳಿನ ನರಗಳೂ ಹೀಗೇ. ಅಪೆಂಡಿಕ್ಸ್‌ನ ನೋವು ಬೆನ್ನುಹುರಿಯಲ್ಲಿ ಎದೆಭಾಗದ 10ನೇ ನರದ ಮಟ್ಟಕ್ಕೆ ಹೋಗಿ ಸೇರುತ್ತದೆ. ಹೊಕ್ಕುಳ ಸುತ್ತಲಿನ ಚರ್ಮದ ಸುದ್ದಿ ಹೋಗುವುದೂ ಅಲ್ಲಿಗೇ. ಹಾಗಾಗಿ ಮಿದುಳು ಹೊಕ್ಕುಳ ಹತ್ತಿರವೇ ನೋವು ಅಂದುಕೊಳ್ಳುತ್ತದೆ. ಕೆಲವು ಗಂಟೆ ಕಳೆದ ಮೇಲೆ ಊದಿದ ಅಪೆಂಡಿಕ್ಸ್ ಹೊಟ್ಟೆಯ ಒಳಗೋಡೆಯ ಪೊರೆಗೆ ತಾಗುತ್ತದೆ. ಆ ಪೊರೆಯ ನರಗಳು ಬೇರೆ, ಅವು ಜಾಗವನ್ನು ಸರಿಯಾಗಿ ಗುರುತಿಸುತ್ತವೆ. ಆಗ ನೋವು ಬಲಗಡೆ ಕೆಳಗೆ ಬಂದು ಕೂರುತ್ತದೆ.

ನಮ್ಮಲ್ಲಿ ಸಮಯ ಹಾಳಾಗುವುದು ಈ ಮೊದಲ ಗಂಟೆಗಳಲ್ಲೇ. ಗ್ಯಾಸ್ಟ್ರಿಕ್ ಅಂತ ಓಮದ ನೀರು ಕುಡಿಸುತ್ತೇವೆ, ಬಟ್ಟಿ ಬಿದ್ದಿದೆ ಅಂತ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುತ್ತೇವೆ. ದಯವಿಟ್ಟು ತಿಕ್ಕಿಸಬೇಡಿ, ಹರಳೆಣ್ಣೆಯನ್ನಂತೂ ಕುಡಿಸಲೇಬೇಡಿ. ನೋವು ಜಾಗ ಬದಲಿಸಿತು ಅಂದರೆ ಅದೇ ದೊಡ್ಡ ಸುಳಿವು, ಸೀದಾ ಆಸ್ಪತ್ರೆಗೆ ಹೋಗಿ.

[ಸ್ಕ್ರೀನ್ ಮೇಲೆ: ರಸ್ತೆ ಹಂಪ್]

ಆಸ್ಪತ್ರೆಗೆ ಬರುವಾಗ ಹಂಪ್ ಮೇಲೆ ಗಾಡಿ ಹಾರಿದಾಗ ನೋವು ಜಾಸ್ತಿಯಾಯಿತಾ ಅಂತ ಡಾಕ್ಟರು ಕೇಳಿದರೆ ಅದು ಸುಮ್ನೆ ಮಾತಲ್ಲ. ಇಂಗ್ಲೆಂಡಿನ ಡಾಕ್ಟರುಗಳು ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಹಂಪ್ ದಾಟಿ ಬಂದವರಲ್ಲಿ 34 ಜನರಿಗೆ ಅಪೆಂಡಿಸೈಟಿಸ್ ಖಚಿತವಾಯಿತು, ಅವರಲ್ಲಿ 33 ಜನ ಹಂಪ್ ಮೇಲೆ ನೋವು ಹೆಚ್ಚಾಯಿತು ಅಂದಿದ್ದರು. ಕಾಯಿಲೆ ಇಲ್ಲದ ಎಷ್ಟೋ ಜನರಿಗೂ ನೋವಾಗಿತ್ತು, ಅದೂ ನಿಜ. ಅಂದರೆ ನೋವಾದ ಮಾತ್ರಕ್ಕೆ ಅಪೆಂಡಿಸೈಟಿಸ್ ಅಂತ ಹೇಳಲಾಗದು, ಆದರೆ ಹಂಪ್ ಮೇಲೂ ಏನೂ ಅನ್ನಿಸದಿದ್ದರೆ ಅದು ಅಪೆಂಡಿಸೈಟಿಸ್ ಆಗಿರುವ ಸಾಧ್ಯತೆ ಕಡಿಮೆ. ಕುಲುಕಿದಾಗ ಆ ಪೊರೆ ಅಲುಗಾಡುತ್ತದೆ, ಅದಕ್ಕೇ ನೋವು. ಸರ್ಜನ್ ಹೊಟ್ಟೆಯನ್ನು ನಿಧಾನ ಒತ್ತಿ ತಟ್ಟನೆ ಕೈ ಬಿಡುವಾಗ ನೋಡುವುದೂ ಇದನ್ನೇ. ರಸ್ತೆಯೇ ಅರ್ಧ ಪರೀಕ್ಷೆ ಮಾಡಿಬಿಡುತ್ತದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಬಲ ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆಯಿರಿ. ಮೂಳೆಯಿಂದ ಮೂರನೇ ಒಂದು ಭಾಗ ಬಂದರೆ ಅದೇ ಮ್ಯಾಕ್‌ಬರ್ನಿ ಬಿಂದು. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ತೋರಿಸಿಕೊಟ್ಟ ಜಾಗ. ಅಪೆಂಡಿಸೈಟಿಸ್ ಇರುವ ಸಾಧ್ಯತೆ ಎಷ್ಟು ಅಂತ ಅಂದಾಜಿಸಲು ಡಾಕ್ಟರುಗಳು ಬಳಸುವ, 1986ರಲ್ಲಿ ಬಂದ ಅಲ್ವರಾಡೊ ಸ್ಕೋರ್‌ನಲ್ಲಿ ಒಟ್ಟು 10 ಅಂಕ: ಅಲ್ಲಿ ಒತ್ತಿದರೆ ನೋವಾದರೆ 2, ಬಿಳಿ ರಕ್ತಕಣ ಹೆಚ್ಚಿದ್ದರೆ 2, ನೋವು ಜಾಗ ಬದಲಿಸಿದ್ದಕ್ಕೆ 1, ಹಸಿವಿಲ್ಲದಿರುವುದು, ವಾಂತಿ, ಜ್ವರ ಇತ್ಯಾದಿಗೆ ಒಂದೊಂದು. ಆಮೇಲೆ ಸ್ಕ್ಯಾನಿಂಗ್. ಅಲ್ಟ್ರಾಸೌಂಡ್‌ನಲ್ಲಿ ಅಪೆಂಡಿಕ್ಸ್ 6 ಮಿಲಿಮೀಟರ್‌ಗಿಂತ ದಪ್ಪಗಿದ್ದು ಒತ್ತಿದರೂ ಚಪ್ಪಟೆಯಾಗದಿದ್ದರೆ ಅನುಮಾನ ಬಲವಾಗುತ್ತದೆ. ಸರಿಯಾಗಿ ಕಾಣದಿದ್ದರೆ ಸಿಟಿ ಸ್ಕ್ಯಾನ್. ಬಸುರಿಯರಿಗೆ ಮತ್ತು ಮಕ್ಕಳಿಗೆ ಅಲ್ಟ್ರಾಸೌಂಡೇ ಮೊದಲು.

ಟೈಮ್ ಆಗುತ್ತಿದೆ, ಚಿಕಿತ್ಸೆ ಬೇಗ ಹೇಳುತ್ತೇನೆ. ಈಗ ಹೆಚ್ಚಾಗಿ ಮಾಡುವುದು ಲ್ಯಾಪರೊಸ್ಕೋಪಿ: ಹೊಟ್ಟೆಗೆ ಗ್ಯಾಸ್ ತುಂಬಿ, ಮೂರು ಸಣ್ಣ ತೂತುಗಳ ಮೂಲಕ ಅಪೆಂಡಿಕ್ಸ್‌ನ ಬುಡ ಕಟ್ಟಿ ಕತ್ತರಿಸಿ ತೆಗೆಯುತ್ತಾರೆ. ಆಗಲೇ ಒಡೆದು ಕೀವು ಕಟ್ಟಿದ್ದರೆ ಕೆಲವರಿಗೆ ಮೊದಲು ಕೀವು ತೆಗೆದು ಆಂಟಿಬಯೋಟಿಕ್ ಕೊಡುತ್ತಾರೆ. ಆಪರೇಷನ್ ಇಲ್ಲದೆ ಬರೀ ಆಂಟಿಬಯೋಟಿಕ್‌ನಲ್ಲಿ ಆಗುತ್ತದಾ? ಒಡೆಯದ ಕೇಸ್‌ಗಳಲ್ಲಿ ಆಗಬಹುದು. ಆದರೆ 2020ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಆಂಟಿಬಯೋಟಿಕ್ ಪಡೆದ 10 ಜನರಲ್ಲಿ ಸುಮಾರು 3 ಜನ 90 ದಿನದೊಳಗೆ ಆಪರೇಷನ್‌ಗೆ ಬಂದರು. ಒಳಗೆ ಮಲದ ಕಲ್ಲು ಇದ್ದವರಲ್ಲಿ ಇದು 4ರ ಹತ್ತಿರ. ಹಾಗಾಗಿ ಸ್ಕ್ಯಾನ್‌ನಲ್ಲಿ ಕಲ್ಲು ಇದೆಯಾ ಅಂತ ಕೇಳಿಯೇ ನಿರ್ಧಾರ ಮಾಡಿ.

ಇನ್ನೊಂದು ಮಾತು. ತೆಗೆದ ಅಪೆಂಡಿಕ್ಸನ್ನು ಲ್ಯಾಬ್‌ಗೆ ಕಳಿಸುತ್ತಾರೆ, ಅಪರೂಪಕ್ಕೆ ಅದರಲ್ಲಿ ಗೆಡ್ಡೆ ಸಿಗುವುದುಂಟು. ಹೊಲಿಗೆ ತೋರಿಸಲು ಹೋದಾಗ ಆ ಬಯಾಪ್ಸಿ ರಿಪೋರ್ಟನ್ನೂ ಕೇಳಿ ಪಡೆಯಿರಿ.