ರೀಲ್ ಮೇಲಿನ 200 ಮೀಟರ್: ನಿಜಕ್ಕೂ ಎಷ್ಟು ಲೈನ್ ಹಿಡಿಯುತ್ತೆ?

ಮೀನು ಹಿಡಿಯೋ ರೀಲನ್ನ ಹತ್ತಿರದಿಂದ ನೋಡಿ. ಲೈನ್ ಸುತ್ತೋ ಸ್ಪೂಲಿನ ಅಂಚಲ್ಲಿ ಕೊರೆದಿದೆ: 0.30/200. ಅಂದ್ರೆ 0.30 ಮಿಲಿಮೀಟರ್ ದಪ್ಪದ ಲೈನ್ ಆದ್ರೆ 200 ಮೀಟರ್ ಹಿಡಿಯುತ್ತೆ. ಆ ಒಂದು ದಪ್ಪಕ್ಕೆ ಮಾತ್ರ. ಗೋವಾದ ಝುವಾರಿ ನದಿ ದಂಡೆಯ ಕಲ್ಲುಗಳ ಮೇಲೆ ನಿಂತು ಚೊಣಕ್ ಮೀನು ಹಿಡಿಯೋಕೆ ಅಂತ ಇದಕ್ಕೆ 0.40 ಸುತ್ತಿದ್ರೆ? 150 ಮೀಟರ್ ಬರಬಹುದು ಅನ್ಸುತ್ತೆ. ಬರೋದು 112.

ಲೈನ್ ದಪ್ಪ ಆದ್ರೆ ಸ್ಪೂಲಿನ ಅಗಲದಲ್ಲೂ ಜಾಗ ತಿನ್ನುತ್ತೆ, ಎತ್ತರದಲ್ಲೂ ತಿನ್ನುತ್ತೆ. ಅದಕ್ಕೇ ಇಲ್ಲಿ ವರ್ಗದ ಲೆಕ್ಕ. 0.30ನ್ನು 0.40ರಿಂದ ಭಾಗಿಸಿದ್ರೆ 0.75. ಅದನ್ನ ಅದರಿಂದಲೇ ಗುಣಿಸಿದ್ರೆ 0.5625. ಅದನ್ನ 200ರಿಂದ ಗುಣಿಸಿ, 112.5. ಯಾವ ರೀಲಿಗಾದ್ರೂ ಇದೇ ಲೆಕ್ಕ.

ಲೈನ್ ಪೊಟ್ಟಣದ ಮೇಲೆ ಬರೆದಿರೋ ದಪ್ಪವನ್ನೂ ಹಾಗೇ ಒಪ್ಪಬೇಡಿ. ಈ ಪೆನ್ಸಿಲ್ ನೋಡಿ. 0.30 ಅಂತ ಬರೆದಿರೋ ಮೊನೊ (ಒಂದೇ ಎಳೆಯ ನೈಲಾನ್) ಲೈನನ್ನ ಇದಕ್ಕೆ ಒತ್ತೊತ್ತಾಗಿ, ಒಂದರ ಮೇಲೊಂದು ಏರದ ಹಾಗೆ 30 ಸುತ್ತು ಸುತ್ತಿದೆ. ಶಾಲೆ ಮಕ್ಕಳ ಸ್ಕೇಲ್ ಪಕ್ಕಕ್ಕಿಟ್ರೆ 9 ಮಿಲಿಮೀಟರ್ ಬರಬೇಕಿತ್ತು. ಬಂದಿರೋದು 10. ಅಂದ್ರೆ ನಿಜವಾದ ದಪ್ಪ 0.33ಕ್ಕೆ ಸ್ವಲ್ಪ ಮೇಲೆ. ಒಂದು ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸ, ಆದ್ರೆ 200 ಮೀಟರ್ ಇದ್ದದ್ದು 162ಕ್ಕೆ ಇಳೀತು. ಹಲವು ಎಳೆ ಹೆಣೆದ ಬ್ರೇಡ್ ಲೈನಿಗೆ ಈ ಪೆನ್ಸಿಲ್ ಉಪಾಯ ನಡೆಯಲ್ಲ, ಅದು ಒತ್ತಿದ್ರೆ ಚಪ್ಪಟೆಯಾಗುತ್ತೆ.

ಹಿಡಿ ಎಷ್ಟು ಸಲ ತಿರುಗಿತು ಅಂತ ಎಣಿಸಿ ಮೀಟರ್ ಲೆಕ್ಕ ಹಾಕೋದೂ ತಪ್ಪು. ಸ್ಪೂಲ್ ತುಂಬಿದಾಗ ಅದರ ವ್ಯಾಸ 45 ಮಿಲಿಮೀಟರ್, ಗೇರ್ 5.2:1 (ಹಿಡಿ ಒಂದು ಸುತ್ತು ತಿರುಗಿದ್ರೆ ಸ್ಪೂಲಿಗೆ ಲೈನ್ 5.2 ಸುತ್ತು ಬೀಳುತ್ತೆ) ಅಂದ್ಕೊಳ್ಳಿ. ಹಿಡಿಯ ಒಂದು ಸುತ್ತಿಗೆ 73 ಸೆಂಟಿಮೀಟರ್ ಲೈನ್ ಒಳಗೆ ಬರುತ್ತೆ. ಅದೇ ಸ್ಪೂಲ್ ಅರ್ಧ ಖಾಲಿಯಾಗಿ 35 ಮಿಲಿಮೀಟರಿಗೆ ಬಂದಾಗ ಬರೋದು 57 ಮಾತ್ರ.

ತೂಕ ಮಾತ್ರ ಮೋಸ ಮಾಡಲ್ಲ. 0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ಸಾಕು. ಟೇಪ್ ಹಿಡಿದು 10 ಮೀಟರ್ ಲೈನ್ ಕತ್ತರಿಸಿ ತೂಗಿ. ಇಲ್ಲಿ 1.00 ಗ್ರಾಂ. ಖಾಲಿ ಸ್ಪೂಲ್ ತೂಗಿ ಬರ್ಕೊಳ್ಳಿ, ಸುತ್ತಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸ 15.8 ಗ್ರಾಂ, ಅಂದ್ರೆ 158 ಮೀಟರ್. ಪೆನ್ಸಿಲ್ ಹೇಳಿದ 162ಕ್ಕೆ ಎಷ್ಟು ಹತ್ತಿರ ನೋಡಿ. ಬ್ರೇಡಿಗೂ ಇದೇ ದಾರಿ, ಲೈನ್ ಒಣಗಿರಬೇಕು ಅಷ್ಟೇ.

ಈಗ ಬ್ರೇಡ್. ಇದರ ದಪ್ಪವನ್ನ ಪಿಇ ಸಂಖ್ಯೆಯಲ್ಲಿ ಹೇಳ್ತಾರೆ; ಪಿಇ 1.5 ಅಂದ್ರೆ ಸುಮಾರು 0.205 ಮಿಲಿಮೀಟರ್. ಈ ರೀಲು ಅದನ್ನ 428 ಮೀಟರ್ ಹಿಡಿಯುತ್ತೆ. ದಂಡೆಯಿಂದ ಎಸೆಯೋರಿಗೆ ಅಷ್ಟು ಬೇಡ, ದುಡ್ಡು ದಂಡ. 150 ಮೀಟರ್ ಸಾಕು. ಅದು ಸ್ಪೂಲಿನ 35 ಶೇಕಡಾ ಜಾಗ ಹಿಡಿಯುತ್ತೆ. ಉಳಿದ 65 ಶೇಕಡಾಕ್ಕೆ ಕೆಳಗೆ ಮೊನೊ ಸುತ್ತಿ, ನಾವು ಅಳೆದ ಲೈನಾದ್ರೆ ಸುಮಾರು 105 ಮೀಟರ್. ಮೊನೊ ಇರಲೇಬೇಕು. ನುಣುಪು ಲೋಹದ ಮೇಲೆ ಬರೀ ಬ್ರೇಡ್ ಸುತ್ತಿದ್ರೆ ಮೀನು ಎಳೆದಾಗ ಇಡೀ ಸುತ್ತೇ ಜಾರುತ್ತೆ, ಡ್ರ್ಯಾಗ್ (ಮೀನು ಎಳೆದಾಗ ಲೈನನ್ನ ತಡೆದು ತಡೆದು ಬಿಡೋ ಬ್ರೇಕ್) ಕೆಟ್ಟಿದೆ ಅನ್ಸುತ್ತೆ. ಎರಡನ್ನೂ ಡಬಲ್ ಯೂನಿ ಗಂಟಿನಿಂದ ಸೇರಿಸಿ.

ಲೆಕ್ಕವೇ ಬೇಡ ಅನ್ನೋರು ಮೊದಲು ಬ್ರೇಡ್ ಸುತ್ತಿ, ಅದರ ಮೇಲೆ ಅಂಚಿಗೆ 2 ಮಿಲಿಮೀಟರ್ ಬಾಕಿ ಇರೋ ತನಕ ಮೊನೊ ಸುತ್ತಿ. ಆಮೇಲೆ ಅದೇ ಅಳತೆಯ ಇನ್ನೊಂದು ಸ್ಪೂಲಿಗೆ ದಾಟಿಸಿದ್ರೆ ಮೊನೊ ತಾನೇ ಕೆಳಗೆ ಹೋಗುತ್ತೆ. ಇನ್ನೊಂದು ಸ್ಪೂಲ್ ಇಲ್ಲದಿದ್ರೆ ಎರಡು ಖಾಲಿ ಡಬ್ಬಿ ಬೇಕು. ಒಂದೇ ಡಬ್ಬಿಗೆ ಸುತ್ತಿ ವಾಪಸ್ ತಂದ್ರೆ ಬ್ರೇಡ್ ಮತ್ತೆ ಕೆಳಗೇ ಬರುತ್ತೆ.

ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನನ್ನ ಬೆರಳಿನಿಂದ ಬಿಗಿಯಾಗಿ ಹಿಡಿದಿರಿ. ಸಡಿಲ ಸುತ್ತಿದ್ರೆ ಮೇಲಿನ ಬ್ರೇಡ್ ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತೆ. ಮುಂದಿನ ಎಸೆತದಲ್ಲಿ ಅಲ್ಲೇ ಸಿಕ್ಕಿ ಲೈನ್ ಕಡಿದು, ಆಮಿಷ ಒಂದೇ ಹೊಳೆ ಸೇರುತ್ತೆ. ಅಂಚಿಗೆ 2 ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ. ಅಂಚಿನ ತನಕ ತುಂಬಿದ್ರೆ ಸುರುಳಿ ಸುರುಳಿಯಾಗಿ ಜಾರಿ ಗಂಟಾಗುತ್ತೆ. 5 ಮಿಲಿಮೀಟರ್ ಬಿಟ್ರೆ ಲೈನ್ ಅಂಚಿಗೆ ಉಜ್ಜಿ ಎಸೆತ ಹತ್ತಿರಕ್ಕೇ ಬೀಳುತ್ತೆ.

ಲೈನ್ ಹೊರಗೆ ಹೋದಂಗೆ ಡ್ರ್ಯಾಗ್ ತಾನಾಗೇ ಬಿಗಿಯಾಗುತ್ತೆ, ಇದನ್ನ ಮರೀಬೇಡಿ. 45 ಮಿಲಿಮೀಟರಲ್ಲಿ 3 ಕೆ.ಜಿ.ಗೆ ಇಟ್ಟ ಡ್ರ್ಯಾಗ್, ಸ್ಪೂಲ್ 30ಕ್ಕೆ ಇಳಿದಾಗ 4.5 ಕೆ.ಜಿ. ಆಗಿರುತ್ತೆ. ಗಂಟಿನಲ್ಲಿ ಲೈನಿನ ಬಲ ಮೊದಲೇ ಕಮ್ಮಿ, ಮೀನು ದೂರ ಓಡಿದಾಗಲೇ ಕಡಿಯೋದು ಅದಕ್ಕೆ. ಮನೆ ಮುಂದೆ ಅರ್ಧ ಲೈನ್ ಬಿಚ್ಚಿ, ತುದಿಗೆ ಕೊಕ್ಕೆ ತಕ್ಕಡಿ ಕಟ್ಟಿ ಎಳೆದು ನೋಡಿ, ಡ್ರ್ಯಾಗನ್ನ ಆ ಸ್ಥಿತಿಯಲ್ಲೇ ಹೊಂದಿಸಿ.