ಅಲಸಂದೆಯ ಕಟ್ಟನ್ನು ಚೆಲ್ಲಬೇಡಿ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಹಲವರು ಒಲೆಯ ಮುಂದೆ ನಿಂತೇ ರೇಡಿಯೊ ಕೇಳುತ್ತಿರುತ್ತೀರಿ. ಒಳ್ಳೆಯದಾಯಿತು. ಡಬ್ಬಿಯಿಂದ ಒಂದು ಲೋಟ ಅಲಸಂದೆ ಕಾಳು ತೆಗೆದು, ಹಸನು ಮಾಡುತ್ತಾ ನನ್ನ ಮಾತು ಕೇಳಿ. ನಾವು ಹುಳಿಗೋ ಉಸಲಿಗೋ ಹಾಕುವ, ಕಪ್ಪು ಕಣ್ಣಿನ ಈ ಕಾಳಿನಿಂದ ಅಮೆರಿಕದ ದಕ್ಷಿಣ ರಾಜ್ಯಗಳ ಜನ ಹೊಸ ವರ್ಷದ ಮೊದಲ ದಿನ ‘ಹಾಪಿನ್ ಜಾನ್’ ಎಂಬ ಅನ್ನ ಮಾಡುತ್ತಾರೆ. ಅದನ್ನು ನಮ್ಮ ಅಡುಗೆಮನೆಯಲ್ಲಿ ಮಾಡುವುದು ಬಹಳ ಸುಲಭ. ಒಂದೇ ಒಂದು ಮಾತು ನೆನಪಿಡಿ: ಕಾಳು ಬೆಂದ ನೀರನ್ನು, ಅಂದರೆ ಕಟ್ಟನ್ನು, ಚೆಲ್ಲಬೇಡಿ.

ಅಲಸಂದೆ ಅಮೆರಿಕದ ನೆಲದಲ್ಲಿ ಹುಟ್ಟಿದ ಬೆಳೆಯಲ್ಲ. ಪಶ್ಚಿಮ ಆಫ್ರಿಕಾದ ಜನರನ್ನು ಗುಲಾಮರನ್ನಾಗಿಸಿ ಸಾಗಿಸಿದ ಕಾಲದಲ್ಲಿ ಅವರ ಕಾಳೂ ಕಡಲು ದಾಟಿತು. ಸೌತ್ ಕರೊಲಿನಾದ ಕರಾವಳಿಯ ಜೌಗಿನಲ್ಲಿ ಭತ್ತ ಬೆಳೆದುಕೊಟ್ಟವರು ಆ ಜನರೇ. ಅಲ್ಲಿಯ ಅಕ್ಕಿ, ತಮ್ಮೂರಿನ ಕಾಳು, ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರು. 1847ರಲ್ಲಿ ಅದೇ ರಾಜ್ಯದ ಚಾರ್ಲ್ಸ್‌ಟನ್ ನಗರದ ಸಾರಾ ರಟ್ಲೆಜ್ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಈ ಅನ್ನವಿದೆ. ಅಲ್ಲಿ ಕೆಂಪು ಬಣ್ಣದ ಅಲಸಂದೆ ಜಾತಿಯ ಕಾಳು, ಅಕ್ಕಿ, ಜೊತೆಗೆ ಹಂದಿಮಾಂಸ. ಕಾಳು ಬೆಂದ ಮೇಲೆ ಅಕ್ಕಿಯನ್ನು ಅದೇ ಪಾತ್ರೆಗೆ ಸುರಿಯಿರಿ ಎಂದಿದ್ದಾರೆ. ಬಸಿಯಿರಿ ಎಂಬ ಮಾತೇ ಅಲ್ಲಿಲ್ಲ.

ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಚಾರ್ಲ್ಸ್‌ಟನ್‌ನಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಗಲ್ಲಾ ಸಮುದಾಯದವರು, ಅಂದರೆ ಆ ಕರಾವಳಿಯಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ವಂಶದವರು. ಡಿಸೆಂಬರ್ 31ರ ರಾತ್ರಿಯೆಲ್ಲ ಚರ್ಚಿನಲ್ಲಿದ್ದು ಬಂದಿದ್ದರು. ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಅವರಿಗೆ ಆ ದಿನವೆಂದರೆ ಬರಿಯ ಕ್ಯಾಲೆಂಡರಿನ ಹಾಳೆಯಲ್ಲ. ಬೆಳಿಗ್ಗೆ ಕಾಳು ಒಲೆಯ ಮೇಲಿಟ್ಟು ನನ್ನನ್ನು ಸಹಾಯಕ್ಕೆ ಕರೆದರು. ಕಾಳು ಬೆಂದಿತು. ನಾನು ಉತ್ಸಾಹದಿಂದ ಪಾತ್ರೆ ಎತ್ತಿಕೊಂಡು ಹೋಗಿ ಸಿಂಕಿನ ಮೇಲೆ ಬಗ್ಗಿಸುತ್ತಿದ್ದಂತೆ ಅಜ್ಜಿ ಓಡಿಬಂದು ನನ್ನ ಮುಂಗೈ ಹಿಡಿದರು. “ರುಚಿಯೆಲ್ಲ ಇರುವುದು ಅದರಲ್ಲೇ, ಮಗಳೇ” ಎಂದರು. ಗದರಲಿಲ್ಲ, ಆದರೆ ಕೈ ಬಿಡಲಿಲ್ಲ. ಒಂದು ಬಟ್ಟಲು ಕಟ್ಟು ಬಗ್ಗಿಸಿ, ಮೆಕ್ಕೆಜೋಳದ ಬ್ರೆಡ್ಡಿನ ಚೂರನ್ನು ಅದರಲ್ಲಿ ಮುರಿದು ಹಾಕಿ, ಮೊದಲು ಇದನ್ನು ಕುಡಿ ಎಂದರು. ಕುಡಿದೆ. ನಮ್ಮಮ್ಮ ಮಂಡ್ಯದವರು. ಅಲಸಂದೆ ಮತ್ತು ಸೊಪ್ಪನ್ನು ಬೇಯಿಸಿ, ಬಸಿದು, ಆ ಕಟ್ಟಿನಲ್ಲೇ ಬಸ್ಸಾರು ಕಾಯಿಸುತ್ತಿದ್ದರು. ಅದೇ ಮಣ್ಣಿನ ಘಮ, ಅದೇ ಗಾಢತೆ! ಅಮ್ಮನ ಮನೆಯಲ್ಲಿ ಒಂದು ಹನಿಯೂ ಮೋರಿಗೆ ಹೋಗದ ಕಟ್ಟನ್ನು ನಾನು ಆ ದಿನ ಚೆಲ್ಲಲು ಹೊರಟಿದ್ದೆ. ಆಮೇಲೆ ಅಜ್ಜಿ ಒಂದು ಲೋಟ ಅಕ್ಕಿ ಅಳೆದರು, ಎರಡು ಲೋಟ ಕಟ್ಟು ಅಳೆದರು. ನೀರು ಅಳೆಯಲಿಲ್ಲ, ಗಮನಿಸಿ. ಕಟ್ಟು ಅಳೆದರು.

ಈಗ ನಿಮ್ಮ ಅಡುಗೆ. ಒಂದು ಲೋಟ ಕಾಳನ್ನು ನಾಲ್ಕು ಗಂಟೆ ನೆನೆಸಿ. ಆರು ಲೋಟ ನೀರಿನಲ್ಲಿ, ಈರುಳ್ಳಿ ಮತ್ತು ಒಂದು ಪಲಾವ್ ಎಲೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಕುಕ್ಕರಿನಲ್ಲಿ ಮೂರು ಕೂಗು ಹಾಕಿಸಬಹುದೇ ಎಂದು ಪ್ರತಿ ಸಲವೂ ಕೇಳುತ್ತಾರೆ. ಬೇಡ. ಕಾಳು ಒಡೆದು ಹಿಟ್ಟಾದರೆ ಅನ್ನ ಮುದ್ದೆಯಾಗುತ್ತದೆ. ಮುಕ್ಕಾಲು ಗಂಟೆ ತಾಳ್ಮೆ ಇರಲಿ. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಹಾಕುತ್ತಾರೆ. ಸಸ್ಯಾಹಾರಿಗಳು ಒಣಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು ಹಾಕಿ, ಹೊಗೆಯ ಪರಿಮಳ ಬರುತ್ತದೆ. ಬೇರೆ ಬಾಣಲೆಯಲ್ಲಿ ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ ಬಾಡಿಸಿ, ಒಂದು ಲೋಟ ಅಕ್ಕಿ ಹುರಿದು, ಬೆಂದ ಕಾಳು ಸೇರಿಸಿ, ಎರಡು ಲೋಟ ಕಟ್ಟು ಸುರಿದು, ಉಪ್ಪು ಹಾಕಿ ಮುಚ್ಚಿ. ಅಕ್ಕಿ ಬೆಂದ ಮೇಲೂ ಹತ್ತು ನಿಮಿಷ ಮುಚ್ಚಳ ತೆರೆಯಬೇಡಿ. ಗರಂ ಮಸಾಲೆ ಬೇಡ, ದಯವಿಟ್ಟು ಬೇಡ. ಅದು ಕಟ್ಟಿನ ರುಚಿಯನ್ನು ಮುಚ್ಚಿಹಾಕುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಜೊತೆಗೆ ಕಾಲರ್ಡ್ ಎಂಬ ಅಗಲ ಎಲೆಯ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಾರೆ: ಕಾಳು ನಾಣ್ಯ, ಸೊಪ್ಪು ನೋಟು, ಬ್ರೆಡ್ಡು ಚಿನ್ನ ಎಂಬುದು ಅವರ ನಂಬಿಕೆ. ಕಾಲರ್ಡ್ ಸಿಗದಿದ್ದರೆ ಹೂಕೋಸಿನ ಎಲೆ ಸಾಕು. ಅದು ಬೆಂದ ನೀರನ್ನೂ ಚೆಲ್ಲಬೇಡಿ. ನೈಜೀರಿಯಾದ ಅಕಾರಾ, ಅಂದರೆ ಅಲಸಂದೆಯ ಸಿಪ್ಪೆ ತೆಗೆದು ರುಬ್ಬಿ ಕರಿಯುವ, ನಮ್ಮ ವಡೆಯ ಹಾಗಿನ ತಿಂಡಿಯ ಮಾತು ಇನ್ನೊಮ್ಮೆ ಆಡೋಣ.

ಅನ್ನ ಉಳಿದರೆ ಮರುದಿನ ಅದಕ್ಕೆ ‘ಸ್ಕಿಪ್ಪಿನ್ ಜೆನ್ನಿ’ ಎಂಬ ಹೆಸರು. ಬಿಸಿ ಮಾಡುವಾಗ ಒಣಗಿದಂತೆ ಕಂಡರೆ ಬರಿಯ ನೀರು ಚಿಮುಕಿಸಬೇಡಿ. ನಿನ್ನೆಯ ಕಟ್ಟಿನಲ್ಲಿ ಅರ್ಧ ಲೋಟ ಎತ್ತಿಟ್ಟಿರುತ್ತೀರಲ್ಲ, ಅದನ್ನು ಸುರಿದು, ಒಂದು ಕುದಿ ಬರಿಸಿ. ನಮಸ್ಕಾರ.