ರೋಡ್ಸ್ ದ್ವೀಪದಲ್ಲಿ ಅರ್ಧ ದಿನ: ಇಲ್ಲದ ಪ್ರತಿಮೆ, ಕಾಲಡಿಯ ಕಲ್ಲು

ಪರದೆಯ ಮೇಲೆ ನೀವು ಈಗ ನೋಡುತ್ತಿರುವುದು ಗ್ರೀಸ್ ದೇಶದ ರೋಡ್ಸ್ ದ್ವೀಪದ ಮಾಂಡ್ರಾಕಿ ಬಂದರಿನ ಬಾಯಿ. ಎರಡು ಕಡೆ ಎರಡು ಕಂಬಗಳಿವೆ. ಒಂದರ ಮೇಲೆ ಗಂಡು ಜಿಂಕೆ, ಇನ್ನೊಂದರ ಮೇಲೆ ಹೆಣ್ಣು ಜಿಂಕೆ. ಕೊಲೊಸಸ್ ಎಂಬ ಕಂಚಿನ ಸೂರ್ಯದೇವನು ಈ ಬಾಯಿಯ ಎರಡು ದಡಗಳ ಮೇಲೆ ಒಂದೊಂದು ಕಾಲೂರಿ, ತನ್ನ ಕಾಲುಗಳ ನಡುವೆ ಹಡಗುಗಳನ್ನು ಹಾಯಗೊಡುತ್ತಿದ್ದನೆಂದು ಚಿಕ್ಕಂದಿನಲ್ಲಿ ನೋಡಿದ ಚಿತ್ರವೊಂದು ನನ್ನ ತಲೆಯಲ್ಲಿ ಭದ್ರವಾಗಿ ಕುಳಿತಿತ್ತು. ಆ ಚಿತ್ರ ಮಧ್ಯಯುಗದ ಯಾತ್ರಿಕರ ಕಲ್ಪನೆಯಿಂದ ಹುಟ್ಟಿದ್ದು. ಅಷ್ಟು ಅಗಲಕ್ಕೆ ಕಾಲು ಚಾಚಿದ ಕಂಚಿನ ಪ್ರತಿಮೆ ತನ್ನ ಭಾರಕ್ಕೆ ತಾನೇ ಕುಸಿಯುತ್ತಿತ್ತು, ಅದನ್ನು ಕಟ್ಟುವಷ್ಟು ವರ್ಷ ಬಂದರನ್ನೂ ಮುಚ್ಚಬೇಕಾಗುತ್ತಿತ್ತು.

ನಮ್ಮ ಹಡಗು ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಇಲ್ಲಿ ಲಂಗರು ಹಾಕಿತು. ಮಧ್ಯಾಹ್ನ ಎರಡು ಗಂಟೆಯೊಳಗೆ ಎಲ್ಲರೂ ಹಿಂದಿರುಗಿರಬೇಕೆಂಬ ಕಟ್ಟಪ್ಪಣೆಯಿತ್ತು. ಐವತ್ತು ಜನರ ಬಸ್ಸಿನಲ್ಲಿ ಅಮ್ಮನನ್ನು ಓಡಿಸಿಕೊಂಡು ಹೋಗುವುದು ಆಗದ ಮಾತೆಂದು, ನಮ್ಮಿಬ್ಬರಿಗಾಗಿಯೇ ಒಂದು ಕಾರನ್ನೂ ಚಾಲಕರನ್ನೂ ಅರ್ಧ ದಿನದ ಮಟ್ಟಿಗೆ ಗೊತ್ತುಮಾಡಿಕೊಂಡಿದ್ದೆ. ಇಂಥ ಖಾಸಗಿ ಪ್ರವಾಸಕ್ಕೆ ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗ್ರೀಸ್‌ನಲ್ಲಿ ಪ್ರಾಚೀನ ತಾಣಗಳ ಒಳಗೆ ವಿವರಣೆ ನೀಡುವ ಅಧಿಕಾರ ಪರವಾನಗಿ ಪಡೆದ ಮಾರ್ಗದರ್ಶಿಗಳಿಗೆ ಮಾತ್ರ ಇದೆ; ಚಾಲಕರು ದಾರಿಯುದ್ದಕ್ಕೂ ಎಷ್ಟೇ ಸೊಗಸಾಗಿ ಕಥೆ ಹೇಳಿದರೂ ಬಾಗಿಲಿನವರೆಗೆ ತಂದು ಬಿಟ್ಟು ಅಲ್ಲಿಯೇ ಕಾಯುತ್ತಾರೆ. ನಮ್ಮ ಚಾಲಕರು ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದ, ಮಾತಿನಲ್ಲಿ ಮಿತವಾದ ಮಧ್ಯವಯಸ್ಕರು. ಯಾವ ಸ್ಥಳಕ್ಕೆ ಹೋದರೂ ‘ಇದು ಯಾವ ಕಾಲದ್ದು?’ ಎಂದು ನಾನು ಕೇಳುತ್ತಿದ್ದೆ. ಅವರು ಪ್ರತಿ ಸಲವೂ ಸ್ವಲ್ಪ ತಡೆದು, ‘ಯಾವ ಭಾಗ?’ ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಮೊದಲೆರಡು ಸಲ ನನಗೆ ಇದು ಕಿರಿಕಿರಿಯೆನಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಹೊತ್ತೇರಿದರೆ ಬಿಸಿಲೂ ಜನವೂ ಹೆಚ್ಚುವುದರಿಂದ ಅವರು ಮೊದಲು ಸುಮಾರು ಐವತ್ತು ಕಿಲೋಮೀಟರ್ ದೂರದ ಲಿಂಡೋಸ್‌ಗೆ ಹೊರಟರು. ಎಡಕ್ಕೆ ಕಡಲು ಆಗಾಗ ಮುಖ ತೋರಿಸುತ್ತಿದ್ದ ಆ ಪ್ರಯಾಣದಲ್ಲಿ ಕೊಲೊಸಸ್‌ನ ನಿಜವಾದ ಕಥೆಯನ್ನು ಕೇಳಿದೆವು. ಕ್ರಿ.ಪೂ. 305ರಲ್ಲಿ ಡೆಮೆಟ್ರಿಯಸ್ ಎಂಬ ಮ್ಯಾಸಿಡೋನಿಯದ ರಾಜಕುಮಾರನು ಈ ನಗರಕ್ಕೆ ಮುತ್ತಿಗೆ ಹಾಕಿ, ಒಂದು ವರ್ಷ ಹೆಣಗಿ, ಗೆಲ್ಲಲಾರದೆ ತನ್ನ ದೈತ್ಯ ಯುದ್ಧಯಂತ್ರಗಳನ್ನು ಬಿಟ್ಟು ಹೋದನು. ಅವುಗಳನ್ನು ಮಾರಿ ಬಂದ ಹಣದಲ್ಲಿ ರೋಡ್ಸ್‌ನ ಜನ ತಮ್ಮ ಕುಲದೈವ, ಸೂರ್ಯದೇವ ಹೀಲಿಯೋಸ್‌ನ ಪ್ರತಿಮೆಯನ್ನು ಮಾಡಿಸಿದರು. ಶಿಲ್ಪಿ ಚಾರೆಸ್ ಇದೇ ಲಿಂಡೋಸ್‌ನವನು. ಸುಮಾರು 33 ಮೀಟರ್ ಎತ್ತರದ ಆ ಪ್ರತಿಮೆ ಕ್ರಿ.ಪೂ. 280ರ ಸುಮಾರಿಗೆ ಪೂರ್ಣಗೊಂಡು, ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಬಿತ್ತು. ಎತ್ತಿ ನಿಲ್ಲಿಸಬಾರದೆಂದು ದೈವವಾಣಿಯಾದುದರಿಂದ ಅದು ಬಿದ್ದಲ್ಲಿಯೇ ಉಳಿಯಿತೆಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಬಿದ್ದ ಪ್ರತಿಮೆಯ ಹೆಬ್ಬೆರಳನ್ನು ಎರಡು ತೋಳುಗಳಿಂದ ತಬ್ಬಬಲ್ಲವರು ವಿರಳವೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಅಂದರೆ ಐವತ್ತು ಚಿಲ್ಲರೆ ವರ್ಷ ನಿಂತಿದ್ದ ಈ ಅದ್ಭುತ, ಏಳನೆಯ ಶತಮಾನದಲ್ಲಿ ಅರಬರು ಬಂದು ಅದರ ಕಂಚನ್ನು ಮಾರಿದರೆಂಬ ಕಾಲದವರೆಗೆ ಎಂಟುನೂರು ವರ್ಷಗಳಿಗೂ ಮೀರಿ ಮಲಗಿಯೇ ಪ್ರವಾಸಿಗರನ್ನು ಸೆಳೆಯಿತು. ಅದು ಎಲ್ಲಿ ನಿಂತಿತ್ತೆಂಬುದು ಇಂದಿಗೂ ಖಚಿತವಾಗಿಲ್ಲ. ಅದು ಮಂಡಿಯ ಬಳಿ ಮುರಿದು ಬಿತ್ತೆಂದು ನಾನು ಕನ್ನಡದಲ್ಲಿ ಹೇಳಿದಾಗ, ಅಮ್ಮ ತಮ್ಮ ಮಂಡಿಯನ್ನು ನೀವಿಕೊಳ್ಳುತ್ತ, ‘ಪಾಪ, ಅವನಿಗೂ ಅಲ್ಲೇನಾ?’ ಎಂದರು.

ಬಿಳಿಯ ಮನೆಗಳ ಊರು, ಅದರ ನೆತ್ತಿಯ ಮೇಲೆ ಕೋಟೆ, ಕೋಟೆಯೊಳಗೆ ಗುಡಿಯ ಕಂಬಗಳು: ಲಿಂಡೋಸ್ ತಿರುವಿನಲ್ಲಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಊರಿನ ಓಣಿಗಳಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ಕಡಲಿನಿಂದ 116 ಮೀಟರ್ ಎತ್ತರದ ಬಂಡೆಯ ಮೇಲಿನ, ಕೋಟೆಯೂ ಗುಡಿಯೂ ಇರುವ ಅಕ್ರೊಪೊಲಿಸ್‌ಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಅರ್ಧ ದಾರಿಯವರೆಗೆ ಹೊತ್ತೊಯ್ಯುವ ಕತ್ತೆಗಳಿದ್ದವು. ಅಮ್ಮ ಅವುಗಳ ಮುಖವನ್ನೊಮ್ಮೆ ನೋಡಿ, ‘ನನ್ನ ಭಾರ ಅದಕ್ಯಾಕೆ ಮಗೂ, ನೀನು ಹೋಗಿ ಬಾ, ನಾನು ಇಲ್ಲೇ ಎಲ್ಲಾದರೂ ಕೂತಿರ್ತೀನಿ’ ಎಂದು ಓಣಿಯೊಳಗೆ ನಡೆದುಬಿಟ್ಟರು.

ಮೇಲೇರುವ ದಾರಿಯಲ್ಲಿ, ಕೋಟೆಯ ಕಡಿದಾದ ಮೆಟ್ಟಿಲುಗಳಿಗೆ ಮೊದಲು, ಬಂಡೆಯಲ್ಲಿಯೇ ಕೆತ್ತಿದ ಒಂದು ಯುದ್ಧನೌಕೆಯ ಹಿಂಭಾಗವಿದೆ. ಇಡೀ ಅರ್ಧ ದಿನದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಇದನ್ನೇ. ಕ್ರಿ.ಪೂ. 180ರ ಸುಮಾರಿನಲ್ಲಿ ಪೈಥೊಕ್ರಿಟೋಸ್ ಎಂಬ ಶಿಲ್ಪಿ ಕೆತ್ತಿದ ಈ ನೌಕೆ ಅಸಲಿಗೆ ಒಂದು ಪೀಠ. ಅಗೆಸಾಂಡ್ರೋಸ್ ಎಂಬ ನೌಕಾಧಿಪತಿಯ ಪ್ರತಿಮೆ ಇದರ ಮೇಲೆ ನಿಂತಿತ್ತು. ಪ್ರತಿಮೆ ಹೋಗಿದೆ, ಪೀಠ ಉಳಿದಿದೆ. ಬೇರೆ ಕಲ್ಲಿನಿಂದ ತಂದು ನಿಲ್ಲಿಸಿದ್ದೆಲ್ಲ ಲೂಟಿಯಾಗಬಹುದು, ಸುಣ್ಣದ ಗೂಡಿಗೆ ಬೀಳಬಹುದು. ಬೆಟ್ಟವೇ ಆಗಿರುವ ಕಲ್ಲನ್ನು ಹೊತ್ತೊಯ್ಯುವವರು ಯಾರು? ಸಮುದ್ರದ ವ್ಯಾಪಾರದಿಂದ ಬದುಕಿದ ಈ ಜನ ತಮ್ಮ ದೇವಿಯ ಗುಡಿಗೆ ಹೋಗುವ ದಾರಿಯಲ್ಲಿಯೇ ಹಡಗನ್ನು ಕೆತ್ತಿಸಿದ್ದು ನನಗೆ ಬಹಳ ಸಹಜವೆನಿಸಿತು.

ತುದಿಯಲ್ಲಿ ಲಿಂಡೋಸ್‌ನ ಅಥೀನಾ ದೇವಿಯ, ಕ್ರಿ.ಪೂ. 4ನೆಯ ಶತಮಾನದ ಗುಡಿ ಇದೆ. ಅದರ ಮುಂದೆ ಒಂದು ಕಾಲಕ್ಕೆ 42 ಕಂಬಗಳಿದ್ದ ಉದ್ದನೆಯ ಮೊಗಸಾಲೆಯಲ್ಲಿ ಈಗ ಕೆಲವು ಮಾತ್ರ ನಿಂತಿವೆ. ಚಾಲಕರ ‘ಯಾವ ಭಾಗ?’ ಎಂಬ ಪ್ರಶ್ನೆಯ ಅರ್ಥ ನನಗೆ ಹೊಳೆದದ್ದು ಇಲ್ಲಿ. 1912ರಿಂದ ಮೂರು ದಶಕ ಈ ದ್ವೀಪವನ್ನು ಆಳಿದ ಇಟಲಿಯವರು ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಬಿದ್ದ ಕಂಬಗಳನ್ನು ಕಬ್ಬಿಣ ಮತ್ತು ಕಾಂಕ್ರೀಟ್ ಬಳಸಿ ಎತ್ತಿ ನಿಲ್ಲಿಸಿದರು. ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಎರಡು ಸಾವಿರ ವರ್ಷದ ಕಲ್ಲುಗಳನ್ನು ಒಳಗಿನಿಂದ ಸೀಳತೊಡಗಿತು. ಆಮೇಲೆ ಗ್ರೀಕ್ ಪುರಾತತ್ವಜ್ಞರು ಆ ಜೀರ್ಣೋದ್ಧಾರವನ್ನೇ ಮತ್ತೊಮ್ಮೆ ಜೀರ್ಣೋದ್ಧಾರ ಮಾಡಬೇಕಾಯಿತು. ಒಂದೇ ಕಂಬದಲ್ಲಿ ಹಳೆಯ ಕಲ್ಲಿನ ಕಂದುಬಣ್ಣವೂ ಹೊಸ ಕಲ್ಲಿನ ಬಿಳುಪೂ ತೇಪೆಯಂತೆ ಕಾಣುವುದನ್ನು ಈ ದೃಶ್ಯದಲ್ಲಿ ಗಮನಿಸಬಹುದು. ಕೆಳಗೆ ದಕ್ಷಿಣಕ್ಕೆ ಕಾಣುವ, ಹೆಚ್ಚುಕಡಿಮೆ ದುಂಡಗಿರುವ ಕೊಲ್ಲಿಗೆ ಸಂತ ಪೌಲನ ಹೆಸರಿದೆ. ಅವನು ಅಲ್ಲಿ ಇಳಿದನೆಂಬುದು ಸ್ಥಳೀಯರ ನಂಬಿಕೆ.

ಕೆಳಗಿಳಿದು ಬಂದಾಗ ಅಮ್ಮ ಪನಾಯಿಯಾ ಇಗರ್ಜಿಯಲ್ಲಿ ಸಿಕ್ಕರು. ಒಳಗಿನ ಗೋಡೆಗಳ ತುಂಬ 1779ರಲ್ಲಿ ಸಿಮಿ ದ್ವೀಪದ ಗ್ರೆಗೊರಿ ಎಂಬ ಚಿತ್ರಕಾರ ಬರೆದ ಬೈಬಲ್ ಕಥೆಗಳಿದ್ದವು. ಅಮ್ಮ ಅವುಗಳನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ನೆಲದ ಮೇಲಿತ್ತು. ಕಡಲತೀರದಲ್ಲಿ ಆಯ್ದ ಕಪ್ಪು ಮತ್ತು ಬಿಳಿಯ ಉರುಟುಗಲ್ಲುಗಳನ್ನು ಒಂದರ ಪಕ್ಕಕ್ಕೆ ಒಂದು, ಮಲಗಿಸದೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿದ ನೆಲವದು. ಗ್ರೀಕರು ಇದನ್ನು ಹೊಹ್ಲಾಕಿ ಎನ್ನುತ್ತಾರೆ. ಐವತ್ತು ವರ್ಷದಿಂದ ಅಂಗಳದಲ್ಲಿ ರಂಗೋಲಿ ಬಿಡಿಸಿದ ಅಮ್ಮನಿಗೆ ಅದರ ಲೆಕ್ಕ ತಕ್ಷಣ ಸಿಕ್ಕಿತ್ತು: ಅಂಚು ಎಲ್ಲಿ ತಿರುಗಿದೆ, ಮೂಲೆಯಲ್ಲಿ ಕೆಲಸಗಾರ ಹೇಗೆ ಹೊಂದಿಸಿಕೊಂಡಿದ್ದಾನೆ ಎಂಬುದನ್ನು ಬೆರಳಿನಿಂದ ತೋರಿಸಿದರು. ನಾನು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಅವರು ಊರಿನಲ್ಲಿ ಹಳೆಯ ಹಡಗು ನಾಯಕರ ಮನೆಗಳ ಅಂಗಳಗಳನ್ನೂ ಬಾಗಿಲಾಚೆಯಿಂದ ಇಣುಕಿ ನೋಡಿ ಬಂದಿದ್ದರು. ಅಲ್ಲಿಂದ ಮುಂದಕ್ಕೆ ನನ್ನ ಕ್ಯಾಮೆರಾ ಕೂಡ ಆಗಾಗ ಕೆಳಕ್ಕೆ ಬಾಗಿದ್ದರೆ ಅದಕ್ಕೆ ಇದೇ ಕಾರಣ.

ನಗರಕ್ಕೆ ಹಿಂದಿರುಗಿ ಮಾಂಟೆ ಸ್ಮಿತ್ ಗುಡ್ಡದಲ್ಲಿ ಹತ್ತು ನಿಮಿಷ ನಿಂತೆವು. ಅಪೊಲೊ ಗುಡಿಯ ಕೆಲವು ಕಂಬಗಳು, ಕೆಳಗೆ ಪ್ರಾಚೀನ ಓಟದ ಮೈದಾನ, ಅದರ ಪಕ್ಕದಲ್ಲಿ ಬಹುಪಾಲು ಹೊಸದಾದ ಅಮೃತಶಿಲೆಯ ಪುಟ್ಟ ರಂಗಮಂದಿರ. ಇವೂ ಇಟಲಿಯವರ ಕೈಯಲ್ಲಿ ಎದ್ದು ನಿಂತವೇ. ಅವಸರವಿದ್ದವರು ಇದನ್ನು ಬಿಟ್ಟರೆ ದೊಡ್ಡ ನಷ್ಟವೇನಿಲ್ಲವೆಂದು ನನ್ನ ಅಭಿಪ್ರಾಯ.

ಆದರೆ ಕೋಟೆಯೊಳಗಿನ ಹಳೆಯ ಪಟ್ಟಣವನ್ನು ಬಿಡಬಾರದು. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪಟ್ಟಣವನ್ನು 1309ರಿಂದ 1522ರವರೆಗೆ ಸಂತ ಜಾನನ ಹೆಸರಿನ ಧಾರ್ಮಿಕ ಯೋಧರು ಆಳಿದರು. ಯುರೋಪಿನ ನಾನಾ ಕಡೆಗಳಿಂದ ಬಂದಿದ್ದ ಅವರು ತಮ್ಮನ್ನು ವಿಂಗಡಿಸಿಕೊಂಡ ಗುಂಪುಗಳಿಗೆ ‘ನಾಲಿಗೆ’ಗಳೆಂದೇ ಹೆಸರು. ಪ್ರೊವಾನ್ಸ್, ಒವೆರ್ನ್, ಫ್ರಾನ್ಸ್, ಇಟಲಿ, ಇಂಗ್ಲೆಂಡ್, ಜರ್ಮನಿ, ಆರಗಾನ್, ಕೊನೆಗೆ ಕ್ಯಾಸ್ಟೀಲ್: ಹೀಗೆ ಎಂಟು ನಾಲಿಗೆಗಳು. ಕೋಟೆಯ ಗೋಡೆಯನ್ನೂ ಭಾಗ ಮಾಡಿ ಒಂದೊಂದು ನಾಲಿಗೆಗೆ ಕಾವಲಿಗೆ ಒಪ್ಪಿಸಿದ್ದರು. ಭಾಷಾವಾರು ಪ್ರಾಂತ್ಯಗಳ ನಾಡಿನಿಂದ ಬಂದ ನಮಗೆ ಈ ವ್ಯವಸ್ಥೆ ಬೇಗ ಅರ್ಥವಾಯಿತು. ಸುಮಾರು ಇನ್ನೂರು ಮೀಟರ್ ಉದ್ದದ ಇಪ್ಪೊಟೊನ್ ಬೀದಿಯಲ್ಲಿ ಈ ನಾಲಿಗೆಗಳ ವಸತಿಗೃಹಗಳು ಸಾಲಾಗಿ ನಿಂತಿವೆ. ಬೀದಿಯ ಕೆಳತುದಿಯಲ್ಲಿ, 15ನೆಯ ಶತಮಾನದಲ್ಲಿ ಅವರು ಕಟ್ಟಿಸಿದ ಆಸ್ಪತ್ರೆಯೇ ಈಗಿನ ಪುರಾತತ್ವ ವಸ್ತುಸಂಗ್ರಹಾಲಯ. ಅದನ್ನು ನೋಡಲು ನಮಗೆ ಸಮಯ ಸಾಲಲಿಲ್ಲ.

ಬೀದಿಯ ಮೇಲ್ತುದಿಯಲ್ಲಿರುವ, ಈ ಯೋಧರ ಮಹಾನಾಯಕನ ಅರಮನೆ ನೋಡುವವರನ್ನು ಬೆರಗುಗೊಳಿಸುವ ಕಟ್ಟಡ. ‘ಇದರಲ್ಲಿ ಯಾವ ಭಾಗ ಯಾವ ಕಾಲದ್ದು?’ ಎಂದು ನಾನೇ ತಿದ್ದಿಕೊಂಡು ಕೇಳಿದಾಗ, ಚಾಲಕರು ಮೊದಲ ಬಾರಿಗೆ ನಕ್ಕರು. 1522ರಲ್ಲಿ ಒಟ್ಟೊಮನ್ ಸುಲ್ತಾನ ಸುಲೇಮಾನನ ಆರು ತಿಂಗಳ ಮುತ್ತಿಗೆಯ ನಂತರ ಯೋಧರು ಸೋತು, 1523ರ ಮೊದಲ ದಿನ ಹಡಗು ಹತ್ತಿ ಹೊರಟರು. ಮುಂದೆ ಅರಮನೆ ಸೆರೆಮನೆಯೂ ಆಯಿತು. 1856ರಲ್ಲಿ ಪಕ್ಕದ ಇಗರ್ಜಿಯ ಅಡಿಯಲ್ಲಿದ್ದ ಸಿಡಿಮದ್ದಿನ ದಾಸ್ತಾನು ಸಿಡಿಲಿಗೆ ಸ್ಫೋಟಗೊಂಡು ಕಟ್ಟಡ ಹಾಳಾಯಿತು. ಈಗ ಕಾಣುವುದರಲ್ಲಿ ಹೆಚ್ಚಿನದನ್ನು 1937ರಿಂದ 1940ರ ನಡುವೆ ಇಟಲಿಯವರು ಪುನಃ ಕಟ್ಟಿದರು. ತಮ್ಮ ರಾಜ ವಿಕ್ಟರ್ ಇಮ್ಯಾನುಯೆಲ್‌ನೂ ಮುಸೊಲಿನಿಯೂ ಬಂದು ತಂಗಲೆಂಬುದು ಅವರ ಆಶಯವಾಗಿತ್ತು. ನೆಲದ ಮೇಲಿನ, ಹಾವುಗಳೇ ಕೂದಲಾದ ಗ್ರೀಕ್ ಪುರಾಣದ ಮೆಡೂಸಾಳ ಚಿತ್ರವೂ ಸೇರಿದಂತೆ ಒಳಗಿನ ಪ್ರಾಚೀನ ಕಲ್ಲುಚಿತ್ತಾರಗಳನ್ನು ಕೋಸ್ ದ್ವೀಪದಿಂದ ಕಿತ್ತು ತಂದು ಇಲ್ಲಿ ಹಾಸಿದ್ದಾರೆ. ಗೋಡೆ ನನ್ನ ಅಜ್ಜಿಗಿಂತ ಚಿಕ್ಕದು, ನೆಲ ಎರಡು ಸಾವಿರ ವರ್ಷ ಹಳೆಯದು, ಆ ನೆಲ ಈ ಊರಿನದಲ್ಲ! ಅಮ್ಮನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ‘ಚೆನ್ನಾಗೇನೋ ಇದೆ, ಬೇರೆಯವರ ಮನೆ ಅಂಗಳ ಕಿತ್ತು ತಂದ ಹಾಗಿದೆ’ ಎಂದರು.

ಉಳಿದ ಅರ್ಧ ಗಂಟೆಯನ್ನು ನಾವು ಪಟ್ಟಣದ ಪೂರ್ವ ಮೂಲೆಗೆ, ಯಹೂದಿಗಳ ಹಳೆಯ ಕೇರಿಗೆ ಕೊಟ್ಟೆವು. ಇದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ನೆಲ ನೋಡುವವರು ಅದನ್ನು ನೋಡಲೇಬೇಕೆಂದು ಚಾಲಕರೇ ಸೂಚಿಸಿದರು. ಸ್ಪೇನ್‌ನಿಂದ ಹೊರದಬ್ಬಿಸಿಕೊಂಡು ಬಂದವರ ವಂಶಜರು ಲಾಡಿನೋ ಎಂಬ, ಸ್ಪ್ಯಾನಿಷ್ ಮೂಲದ ಯಹೂದಿ ಭಾಷೆಯಾಡುತ್ತ ಒಟ್ಟೊಮನ್ ಕಾಲದುದ್ದಕ್ಕೂ ಇಲ್ಲಿ ಬಾಳಿದರು. ದ್ವೀಪ ಜರ್ಮನರ ವಶದಲ್ಲಿದ್ದ 1944ರ ಜುಲೈಯಲ್ಲಿ ಈ ಕೇರಿಯ 1,600ಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ತುಂಬಿ, ಆಮೇಲೆ ರೈಲಿನಲ್ಲಿ ನಾಜಿಗಳ ಮರಣಶಿಬಿರವಾದ ಔಶ್ವಿಟ್ಜ್‌ಗೆ ಸಾಗಿಸಿದರು. ಬದುಕುಳಿದವರು ಸುಮಾರು 150 ಮಂದಿ. ಇಲ್ಲಿ ಟರ್ಕಿಯ ಕಾನ್ಸುಲ್ ಆಗಿದ್ದ ಸಲಾಹತ್ತಿನ್ ಉಲ್ಕುಮೆನ್ ಅವರು, ಟರ್ಕಿಯ ಪ್ರಜೆಗಳೆಂದು ವಾದಿಸಿ ಹಲವು ಕುಟುಂಬಗಳನ್ನು ಆ ಸಾಲಿನಿಂದ ಬಿಡಿಸಿದ್ದರು. ಕೇರಿಯ ಚೌಕದಲ್ಲಿ ಕಪ್ಪು ಕಲ್ಲಿನ ಸ್ಮಾರಕವಿದೆ; ಅದರ ಸುತ್ತ ಊಟದ ಹೋಟೆಲುಗಳ ಕುರ್ಚಿಗಳಿವೆ.

ಅಲ್ಲಿಂದ ಒಂದು ಓಣಿಯಾಚೆ, 1577ರಲ್ಲಿ ಕಟ್ಟಿದ ಕಹಾಲ್ ಶಾಲೋಮ್ ಎಂಬ ಪ್ರಾರ್ಥನಾಮಂದಿರವಿದೆ. ಗ್ರೀಸ್‌ನಲ್ಲಿ ಈಗಲೂ ಬಳಕೆಯಲ್ಲಿರುವ ಯಹೂದಿ ಮಂದಿರಗಳಲ್ಲಿ ಇದೇ ಅತ್ಯಂತ ಹಳೆಯದು. ಬಾಗಿಲಲ್ಲಿ ಅಮ್ಮ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಬಾಗಿದಾಗ, ಒಳಗಿದ್ದವರೊಬ್ಬರು ಬೇಡವೆಂದು ಸನ್ನೆ ಮಾಡಿದರು. ಅಮ್ಮ ಒಳಕ್ಕೆ ಬಗ್ಗಿ ನೋಡಿದರು: ಅದೇ ಕಪ್ಪು ಬಿಳುಪಿನ ಉರುಟುಗಲ್ಲುಗಳು, ಅದೇ ರೀತಿ ನಿಲ್ಲಿಸಿ ಕೂರಿಸಿದವು, ಓಡಾಟಕ್ಕೆ ಸವೆದು ನುಣುಪಾದವು. ಅವರು ಚಪ್ಪಲಿಯನ್ನು ಬಿಟ್ಟೇ ಒಳಗೆ ಹೋದರು. ನೀವು ಈಗ ನೋಡುತ್ತಿರುವ, ಸ್ವಲ್ಪ ಅಲುಗಾಡುವ ಈ ಕೊನೆಯ ದೃಶ್ಯವನ್ನು ನಾನು ಅವರ ಹಿಂದೆಯೇ ನಡೆಯುತ್ತ ತೆಗೆದದ್ದು. ಹೊರಗೆ ಚಾಲಕರು ಕೈಗಡಿಯಾರವನ್ನು ತೋರಿಸುತ್ತಿದ್ದರು.